ಗಾಜು ತೊಳೆಯುವ ನೀರು

ಲಖನೌದಲ್ಲಿ ನಮ್ಮ ಅತ್ತರಿನ ಅಂಗಡಿಗೆ ನೀರು ಹಾಕುತ್ತಿದ್ದ ಭಿಸ್ತಿ ಸುಬ್ರಾತಿಗೆ ಆದದ್ದು ಇದು. ಸಿಪಾಯಿ ದಂಗೆ ಅಡಗಿದ ಮೇಲಿನ ಬೇಸಿಗೆ. ಕತ್ತಲಾದ ಮೇಲೆ ಗೋಮತಿಯಲ್ಲಿ ಚರ್ಮದ ಚೀಲ ತುಂಬಿಸಿ ಬೆನ್ನಿಗೆ ಹೇರಿಕೊಂಡು, ಫಿರಂಗಿ ಏಟಿಗೆ ಗೋಡೆ ಬಿದ್ದ ನವಾಬರ ತೋಟದಲ್ಲಿ ಬಾವಿ ಹಾಯ್ದು ಮನೆಗೆ ಹೊರಟಿದ್ದ. ಬೆನ್ನ ಮೇಲೆ ನೀರಿನ ಸದ್ದು... ಚಪ್... ಚಪ್...

ತೋಟದಲ್ಲಿ ಮೂಳೆಗಳು ಬಿದ್ದಿದ್ದವು. ಒಮ್ಮೆ ಹೂತಿದ್ದ ಮೂಳೆಗಳು. ಕ್ಯಾಮೆರಾದಲ್ಲಿ ಚಿತ್ರ ತೆಗೆಯುವ ಸಾಹೇಬ ಬಂದದ್ದು ಕಾಳಗ ಮುಗಿದು ತಿಂಗಳುಗಳಾದ ಮೇಲೆ. ಸಂತೆ ಕಳೆದ ಮೇಲೆ ಬಂದ ವ್ಯಾಪಾರಿ! ಬರೀ ಮುರಿದ ಗೋಡೆಯನ್ನು ವಿಲಾಯತಿಯಲ್ಲಿ ಯಾರು ಕೊಳ್ಳುತ್ತಾರೆ? ಸರಕು ಸಾಲಲಿಲ್ಲ. ಗುಂಡಿ ಅಗೆಸಿದ, ಸತ್ತವರನ್ನು ಎತ್ತಿಸಿ ಗೋಡೆಯ ಮುಂದೆ ಹರಡಿಸಿದ. ಸುಬ್ರಾತಿ ತನ್ನ ಕೈಯಾರೆ ಮಣ್ಣು ಕೊಟ್ಟಿದ್ದ ತಮ್ಮ ಬುಂದೂನೂ ಅವರಲ್ಲಿದ್ದ.

"ಚಿತ್ರ ಆಗಲಿ, ಆಮೇಲೆ ಹೂತುಕೋ. ಅಲ್ಲಿವರೆಗೆ ಮುಟ್ಟಿದರೆ ನೇಣು" ಅಂದಿದ್ದ ಸಾಹೇಬ. ಅದೇ ಆಸೆಗೆ ಸುಬ್ರಾತಿ ತೋಟದಲ್ಲಿನ ಅವನ ಡೇರೆಗೆ ನದಿಯಿಂದ ನೀರು ಹೊರುತ್ತಿದ್ದ; ಅಲ್ಲಿನ ಬಾವಿ ನೀರಿನ ಉಪ್ಪು ಗಾಜಿಗೆ ಆಗದು. ಗಾಜಿನ ಮೇಲೆ ಚಿತ್ರ ಮೂಡಿದೊಡನೆ ನೀರು ಹೊಯ್ಯಬೇಕು, ತಡವಾದರೆ ಕೆಟ್ಟಿತು. ಚಿತ್ರವೇನೋ ಆಯಿತು. ಸಾಹೇಬನಿಗೆ ಇನ್ನೊಂದು ಬೇಕು, ಮತ್ತೊಂದು ಬೇಕು.

"ಮೈದುನನ ಎಲುಬು ಬಿಸಿಲಲ್ಲಿ ಬಿದ್ದಿದೆ, ನೀವು ಗಾಜಿಗೆ ಸ್ನಾನ ಮಾಡಿಸ್ತಾ ಇದೀರಾ?" ಅಂದಿದ್ದಳು ಅವತ್ತು ಬೆಳಿಗ್ಗೆ ಹೆಂಡತಿ ಬಶೀರನ್.

"ಬಾಯಿ ಮುಚ್ಚೇ."

"ಊರೇ ಮುಚ್ಚಿಕೊಂಡಿದೆ. ನನ್ನೊಬ್ಬಳದು ಯಾಕೆ ಉಳೀಬೇಕು!"

ಆ ಮಾತು ಮೆಲುಕು ಹಾಕುತ್ತಾ ಬಾವಿ ದಾಟುತ್ತಿದ್ದ. ಹಿಂದಿನಿಂದ ಪಿಸುದನಿ...

"ಭಿಸ್ತಿ... ನೀರು."

ಬಾಯಾರಿದವನ ಹೆಸರು ಕೇಳಬಾರದು. ಅದು ಭಿಸ್ತಿಗಳ ಕಟ್ಟಳೆ. ಸುಬ್ರಾತಿ ಚೀಲದ ಬಾಯಿ ಬಿಚ್ಚಿ ಬಗ್ಗಿದ. ಬೊಗಸೆ ಕಾಣಲಿಲ್ಲ. ನೀರು ನೆಲಕ್ಕೆ ಬಿದ್ದ ಸದ್ದೂ ಇಲ್ಲ. ಗುಟುಕ್... ಗುಟುಕ್... ಒಬ್ಬರಾದ ಮೇಲೆ ಒಬ್ಬರು. ಅವನಿಗೆ ತಡೆಯಲಾಗಲಿಲ್ಲ.

"ಬುಂದೂ... ನೀನೇನೋ?"

ಗುಟುಕು ನಿಂತಿತು.

"ಬುಂದೂನ ಎಲ್ಲಿ ಹುಡುಕೋಣ, ಭಾಯಿ? ಆ ಸಾಹೇಬ ಎಲ್ಲರನ್ನೂ ಕಲಸಿ ಹಾಕಿದಾನೆ. ನನ್ನ ಕೈ ಯಾರ ಹತ್ತಿರ ಇದೆಯೋ... ಒಟ್ಟಿಗೇ ಹೂಳು."

"ಸಾಹೇಬ ಬಿಡ್ತಿಲ್ಲವಲ್ಲ!"

"ಅವನಿಗೆ ಕೊಟ್ಟ ನೀರು ಸಾಕು."

ಬೆಳಿಗ್ಗೆ ಚೀಲವನ್ನು ನದಿಯಲ್ಲಿ ಮತ್ತೆ ತುಂಬಿಸಿಕೊಂಡು ಹೋದ. ಬೆನ್ನಿಗೆ ಭಾರವಿತ್ತು.

"ಪಾನಿ! ಜಲ್ದಿ!" ಸಾಹೇಬ ಡೇರೆಯಿಂದ ಕೂಗಿದ.

ಸುಬ್ರಾತಿ ಚೀಲದ ಬಾಯಿ ಬಿಚ್ಚಿದ. ಹುಸ್... ಬರೀ ಗಾಳಿ. ಸಾಹೇಬನ ಆಳು ಬಾವಿಗೆ ಬಿಂದಿಗೆ ಇಳಿಸಿದ. ನಿನ್ನೆವರೆಗೂ ತುಂಬಿದ್ದ ಬಾವಿ. ಠಣ್... ತಳದ ಕಲ್ಲು. ಗಾಜಿನ ಮೇಲಿನ ಚಿತ್ರ ಚರಚರ ಒಣಗಿ ಸುಲಿದು ಬಂತು. ಇನ್ನೊಂದು ಗಾಜು, ಇನ್ನೊಂದು ಚೀಲ... ಅದೇ ಕತೆ. ಸುಬ್ರಾತಿಗೆ ನಗು ಬಂತು. ಸಾಹೇಬ ಬೂಟುಗಾಲಲ್ಲಿ ಒದ್ದ.

"ನೀರೆಲ್ಲಿ ಹೋಯ್ತೋ, ಸುವರ್?"

"ಏನು ಮಾಡಲಿ, ಹುಜೂರ್? ಕುಡಿಯೋರನ್ನ ನೀವೇ ಜಾಸ್ತಿ ಎಬ್ಬಿಸಿದಿರಿ."

ಸಾಯಂಕಾಲದೊಳಗೆ ಸಾಹೇಬ ಡೇರೆ ಕಿತ್ತ. ಗಂಡ ಹೆಂಡತಿ ಮೂಳೆಗಳನ್ನೆಲ್ಲ ಚಾದರಗಳಲ್ಲಿ ಕೂಡಿಸಿದರು. ಯಾರದು ಯಾವುದೆಂದು ನೋಡಲಿಲ್ಲ.

ಮಣ್ಣು ತೋಡಿದ ಬಶೀರನ್ ಬಾಯಿಂದಲೇ ಕೇಳಿದ್ದು, ಒಂದಕ್ಷರ ಸುಳ್ಳಲ್ಲ. ಆ ಬಿಸಿಲಿಗೆ ಊರ ನೆಲವೆಲ್ಲ ಇಟ್ಟಿಗೆಯಾಗಿತ್ತು... ಮೂಳೆ ಬಿದ್ದಿದ್ದ ಕಡೆ ಮಾತ್ರ ಗುದ್ದಲಿ ಬೇಕಾಗಲಿಲ್ಲ. ಬರಿಗೈಯಲ್ಲೇ ತೋಡಿದರು. ಮಣ್ಣು ಮೊಳಕೈಯಾಳದವರೆಗೂ ಹಸಿಯಾಗಿತ್ತು.