ಮಂಕಾದ ಸ್ಪೀಕರ್

ಕಿವಿ ಡಾಕ್ಟರ ಕೋಣೆಯ ಹೊರಗೆ ಸರದಿ ಕಾಯುತ್ತಿದ್ದ ದರ್ಜಿಗೆ ಪಕ್ಕದ ಬೆಂಚಿನ ದಂಪತಿಯ ಮಾತು ಬೇಡವೆಂದರೂ ಕೇಳಿಸಿತು. ಗಂಡ ಸ್ಟುಡಿಯೋದಲ್ಲಿ ಹಾಡುಗಳನ್ನು ಮಿಕ್ಸ್ ಮಾಡುವವನು.

“ಸ್ಪೀಕರ್‌ಗಳನ್ನ ಗೋಡೆಯಿಂದ ಈಚೆಗೆಳೆದೆ, ಕೆಳಗೆ ಸ್ಪಾಂಜೂ ಇಟ್ಟೆ. ಆದ್ರೂ ಸದ್ದು ಮಂಕು.”

“ರಿಪೇರಿಯವರು ಎರಡೂ ಸರಿಯಾಗಿವೆ ಅಂದ್ರಲ್ರೀ.”

“ನಾನು ನಂಬಲಿಲ್ಲ. ಪ್ರತಿ ಹಾಡಿಗೂ ಟ್ರೆಬಲ್ಲು, ಆ ಚೂಪು ಸದ್ದು, ಏರಿಸ್ತಾನೇ ಹೋದೆ.”

“ಅದಕ್ಕೇ ನೀವು ಹಾಡು ಹಾಕಿದ್ರೆ ಮಗಳು ಕಿವಿ ಮುಚ್ಕೊಂಡು ಓಡೋದು.”

“ನೀನಾದ್ರೂ ಹೇಳ್ಬಾರ್ದಿತ್ತಾ?”

“ಹೇಳಿದ್ದಕ್ಕೆ, ಸೌಟು ಹಿಡಿಯೋಳಿಗೆ ಸೌಂಡ್ ಏನು ಗೊತ್ತು ಅಂದ್ರಿ.”

“ಹಾಗಾದ್ರೆ ಈ ವರ್ಷ ಕಳಿಸಿದ ಹಾಡುಗಳೆಲ್ಲ...”

ನರ್ಸ್ ದಂಪತಿಯನ್ನು ಒಳಗೆ ಕರೆದಳು. ದರ್ಜಿ ಕಾಲು ಮಡಚಿ ದಾರಿ ಬಿಟ್ಟ.

“ನನ್ನ ಕಿವುಡುತನಾನ ನಾನೇ ಊರಿಗೆಲ್ಲ ಕೇಳಿಸಿಬಿಟ್ಟೆ ಕಣೇ,” ಎನ್ನುತ್ತ ಗಂಡ ಹೆಂಡತಿಯ ಹಿಂದೆ ನಡೆದ.