ಜೊಂಡಿನ ಪಕ್ಕದ ತಲೆ

ನಮ್ಮ ಗ್ಗಾಬಾ ವಿಡಿಯೋ ಮನೆಗಳ ಮಾಲೀಕರ ಸಂಘದ ಅಧ್ಯಕ್ಷರಾದ ಹಾಜಿ ಕಿಗುಂಡು ಅವರೇ, ಹೊಸ ‘ಏಳು ಹೆಡೆಯ ಸರೋವರ’ದ ನಿರ್ದೇಶಕಿ ಜೊವೇರಿಯಾ ಅವರೇ, ಪರದೆಯ ಪಕ್ಕ ಮೈಕ್ ಹಿಡಿದು ಕೂತು ಪರದೇಶದ ಚಿತ್ರಗಳನ್ನೆಲ್ಲ ನಮಗೆ ನಮ್ಮ ಲುಗಾಂಡ ಭಾಷೆಯಲ್ಲಿ ಹೇಳಿದ ಹಿರಿಯ ವೀಜೆ ಲುಟಾಯ ಅವರೇ, ಬಾಗಿಲಲ್ಲಿ ನಿಂತೇ ಕೇಳುತ್ತಿರುವ ಮೀನು ದಕ್ಕೆಯ ಅಕ್ಕಂದಿರೇ, ಸಭಿಕರೇ.

ಹಾಜಿಯವರು ಬೆಳಿಗ್ಗೆ ನನಗೆ ಹೇಳಿದ್ದು ಇಷ್ಟೇ: “ಬುಸುಲ್ವ, ನೀನು ಹಳೇ ‘ಏಳು ಹೆಡೆಯ ಸರೋವರ’ದ ದೊಡ್ಡ ಅಭಿಮಾನಿ ಅಂತ ಎಲ್ರಿಗೂ ಗೊತ್ತು. ಎರಡು ಒಳ್ಳೆ ಮಾತಾಡಿ ಕೂತ್ಕೋ. ಆಮೇಲೆ ಕೈ ಎತ್ತಿಸ್ತೀನಿ.” ಈ ಹೊಸ ಚಿತ್ರವನ್ನು ಕ್ರಿಸ್‌ಮಸ್‌ಗೆ ನಮ್ಮ ವಿಡಿಯೋ ಮನೆಗಳಲ್ಲಿ ಹಾಕಬೇಕೋ ಬೇಡವೋ ಎಂಬುದು ಈ ಭಾಷಣದ ನಂತರ ತೀರ್ಮಾನವಾಗಲಿದೆ. ಜೊವೇರಿಯಾ ಅವರ ಷರತ್ತು ಒಂದೇ. ಚಿತ್ರವನ್ನು ಅದರ ಧ್ವನಿಯಲ್ಲೇ ತೋರಿಸಬೇಕು, ವೀಜೆ ಮಾತಾಡಕೂಡದು, ಒಂದು ದೃಶ್ಯವನ್ನೂ ಕತ್ತರಿಸಕೂಡದು. ಪರವಾಗಿರುವವರು, ವಿರೋಧವಾಗಿರುವವರು ಸಮಸಮ ಇದ್ದಾರೆ. ಉಳಿದದ್ದು ನನ್ನ ಕೈ.

ಹಾಗಾಗಿ ಒಳ್ಳೆಯ ಮಾತನ್ನು ಮೊದಲು ಆಡುತ್ತೇನೆ. ಹಾವು ಚೆನ್ನಾಗಿದೆ. ಹಳೆಯ ಹಾವು ರಬ್ಬರಿನದು, ತಿರುಗಿದಾಗ ಹೊಲಿಗೆ ಕಾಣುತ್ತಿತ್ತು. ಲುಟಾಯ ಅವರು ಅದನ್ನೂ ಬಿಡುತ್ತಿರಲಿಲ್ಲ. “ಏಯ್ ಹಾವೇ, ನಿನ್ನ ದರ್ಜಿ ಯಾರೋ? ನಮ್ಮ ದಕ್ಕೆಗೆ ಬಾ, ನಿನ್ನ ಸುಲಿದು ಬೆಲ್ಟ್ ಮಾಡಿ ಭಾನುವಾರ ಚರ್ಚಿಗೆ ಕಟ್ಕೊಂಡು ಹೋಗ್ತಾರೆ ನಮ್ಮೋರು.” ಹೊಸ ಹಾವನ್ನು ಹೀಗೆ ಹಂಗಿಸಲು ಯಾರಿಗೂ ಧೈರ್ಯವಿಲ್ಲ. ನೀರೊಳಗಿನ ಅರಮನೆ ಚೆನ್ನಾಗಿದೆ. ತಾಯಿಯ ಪಾತ್ರದವರು ಚೆನ್ನಾಗಿ ಅಳುತ್ತಾರೆ. ಎಲ್ಲರ ಕೈಗೂ ಫೋನು ಬಂದ ಮೇಲೆ ನನ್ನ ವಿಡಿಯೋ ಮನೆಯ ಅರ್ಧ ಬೆಂಚು ಖಾಲಿ. ಈ ಚಿತ್ರ ಹಾಕಿದರೆ ತುಂಬುತ್ತದೆ. ಇದನ್ನೆಲ್ಲ ನಾನು ಒಪ್ಪುತ್ತೇನೆ.

ಆದರೆ ಕೊನೆಯ ದೃಶ್ಯ?

ಹಾವು ಹುಡುಗಿಯನ್ನು ಎಳೆದುಕೊಂಡು ಹೋಗುತ್ತದೆ. ತಾಯಿ ದಡದಲ್ಲಿ ಕೂರುತ್ತಾಳೆ. ಆಗ ಜೊಂಡಿನ ಪಕ್ಕ ನೀರಿನಿಂದ ಹುಡುಗಿಯ ತಲೆ ಮೇಲೆ ಬರುತ್ತದೆ. ಇಲ್ಲಿ ಕೂತಿರುವ ನೀವೆಲ್ಲ ಚಿಕ್ಕಂದಿನಲ್ಲಿ ಹಳೆಯ ಚಿತ್ರದಲ್ಲೂ ಆ ತಲೆಯನ್ನು ನೋಡಿದ್ದೀರಿ, ಅಲ್ಲವೇ? ಜೊವೇರಿಯಾ ಅವರೂ ಇದೇ ದಕ್ಕೆಯ ಬೆಂಚಿನಲ್ಲಿ ಕೂತು ನೋಡಿದವರು. ನನ್ನೊಡನೆ ವಾದವನ್ನೇ ಮಾಡಿದರು: “ಅಣ್ಣಾ, ನಾನು ಕಣ್ಣಾರೆ ನೋಡಿದ್ದೀನಿ. ಹಸಿರು ರಿಬ್ಬನ್ ಕೂಡ ನೆನಪಿದೆ. ನೋಡಿದ್ದನ್ನೇ ತೆಗ್ದಿದ್ದೀನಿ.”

ಸಭಿಕರೇ, ಕಳೆದ ವಾರ ಲುಟಾಯ ಅವರೂ ನಾನೂ ಹಳೆಯ ಕ್ಯಾಸೆಟ್ ಹಾಕಿ, ಧ್ವನಿ ತೆಗೆದು ನೋಡಿದೆವು. ತಲೆ ಇಲ್ಲ. ತಾಯಿಯ ಬೆನ್ನು ಇದೆ, ಜೊಂಡು ಇದೆ, ನೀರು ಇದೆ. ಚಿತ್ರ ಅಲ್ಲಿಗೆ ಮುಗಿಯುತ್ತದೆ. ಆ ಚಿತ್ರ ಮಾಡಿದವರು ಹುಡುಗಿಯನ್ನು ವಾಪಸು ಕಳಿಸಲೇ ಇಲ್ಲ.

ಕಳಿಸಿದವರು ಲುಟಾಯ. ನೀರಿನ ಮೇಲೆ ಅವರು ಮಾತಾಡಿದರು. “ಅಳಬೇಡ ತಾಯಿ. ಅಕೋ, ಜೊಂಡಿನ ಪಕ್ಕ ನೋಡು. ಬಂದ್ಲು.” ನಾವು ನೋಡಿದೆವು. ಬಂದಳು. ಕಟುಕರ ಅಂಗಡಿಯ ಸೆಬುಗ್ವಾವೊ ಅವರಿಗೆ ಅವಳ ಹಲ್ಲು ಕಂಡಿತ್ತಂತೆ. ಜೊವೇರಿಯಾ ಅವರಿಗೆ ರಿಬ್ಬನ್.

ಅವರು ಯಾಕೆ ಹಾಗೆ ಹೇಳಿದರು? ಮೊದಲ ಆಟಗಳಲ್ಲಿ ಹೇಳಿರಲಿಲ್ಲ. ಒಂದು ದಿನ ಮುಂದಿನ ಬೆಂಚಿನಲ್ಲಿ ಒಬ್ಬ ಹೆಂಗಸು ಕೂತಿದ್ದರು. ಅದೇ ಮಳೆಗಾಲದಲ್ಲಿ ದೋಣಿ ಮಗುಚಿ ಅವರ ಮಗಳು ಹೋಗಿದ್ದಳು. ದೇಹ ಸಿಕ್ಕಿರಲಿಲ್ಲ. ಪರದೆಯ ಮೇಲೆ ಬರೀ ನೀರು ಬಂದಾಗ ಆ ಹೆಂಗಸು ಎದ್ದು ನಿಂತರು. ಲುಟಾಯ ಅವರಿಗೆ ಸುಮ್ಮನಿರಲು ಆಗಲಿಲ್ಲ. ಅಂದಿನಿಂದ ಆ ಚಿತ್ರ ಹಾಕಿದಾಗಲೆಲ್ಲ ಆ ಹೆಂಗಸು ಬರುತ್ತಿದ್ದರು. ಕೊನೆಯ ದೃಶ್ಯ ನೋಡಿ, ಮನೆಗೆ ಬಂದು, ನಮಗೆ ಬಾಳೆಕಾಯಿಯ ಮತೋಕೆ ಬೇಯಿಸಿ ಹಾಕುತ್ತಿದ್ದರು. ಆ ದಿನ ಅಮ್ಮ ನಮ್ಮ ಜೊತೆ ಕೂತು ಉಣ್ಣುತ್ತಿದ್ದಳು.

ಕ್ಷಮಿಸಿ. ಅಮ್ಮನ ಹೆಸರು ಇಲ್ಲಿ ತರಬಾರದೆಂದುಕೊಂಡಿದ್ದೆ. ಹಾಜಿಯವರು ಗಡಿಯಾರ ನೋಡುತ್ತಿದ್ದಾರೆ, ಮುಗಿಸುತ್ತೇನೆ.

ಮೊನ್ನೆ ಹೊಸ ಚಿತ್ರಕ್ಕೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಹುಡುಗಿ ನೀರಿನಿಂದ ಬಂದಳು. ಉದ್ದ ಜಡೆ, ಜಡೆಯ ತುದಿಗೆ ಹಸಿರು ರಿಬ್ಬನ್. ಅಮ್ಮ ನನ್ನ ತೋಳು ಹಿಡಿದು ಕೇಳಿದಳು: “ಯಾರೋ ಇವಳು? ನಮ್ ಮಗು ನಸ್ಸಾಲಿ ಸ್ಕೂಲ್ ಹುಡುಗಿ, ಸ್ಕೂಲ್ ಕಟ್ಟಳೆಗೆ ತಲೆ ಬೋಳಿಸಿತ್ತು. ಇವಳಿಗೆ ಜಡೆ ಎಲ್ಲಿಂದ ಬಂತು?” ಇವತ್ತು ನಾನು ಹೊರಡುವಾಗ ಅಂದಳು: “ಕೈ ಎತ್ತೋದಾದ್ರೆ ಎತ್ತು ಮಗಾ, ಹೊಟ್ಟೆಪಾಡು. ನಾನಿನ್ನು ಚಿತ್ರಕ್ಕೆ ಬರಲ್ಲ ಅಷ್ಟೇ.”

ಜೊವೇರಿಯಾ ಅವರೇ, ನೀವು ಪ್ರೀತಿಯಿಂದಲೇ ತೆಗೆದಿದ್ದೀರಿ. ಅದರಲ್ಲಿ ನನಗೆ ಅನುಮಾನವಿಲ್ಲ. ನಿಮ್ಮ ಹಾವು ಇರಲಿ, ಅರಮನೆ ಇರಲಿ, ನಿಮ್ಮ ಧ್ವನಿಯೂ ಇರಲಿ. ಕೊನೆಯಲ್ಲಿ ಮಾತ್ರ ನೀರು ತೋರಿಸಿ, ಒಬ್ಬ ವೀಜೆಗೆ ಒಂದು ಮಾತು ಬಿಡಿ. ಅಷ್ಟಾದರೆ ನನ್ನ ಕೈ ನಿಮ್ಮದು. ತಲೆ ಅಲ್ಲಾಡಿಸುತ್ತಿದ್ದೀರಿ. ನಿಮ್ಮ ಚಿತ್ರ, ನಿಮ್ಮ ಹಕ್ಕು.

ಯಾರಿಗೂ ಹೇಳದ ಒಂದು ಮಾತು. ಆ ದೋಣಿಯಲ್ಲಿ ನಾನೂ ಇದ್ದೆ. ನಸ್ಸಾಲಿ ಮುಳುಗಿದ ಜಾಗ ನೋಡಿದವನು ನಾನೊಬ್ಬನೇ. ಅದಕ್ಕೋ ಏನೋ, ಎಷ್ಟು ಸಲ ನೋಡಿದರೂ, ಲುಟಾಯ ಅವರು ಎಷ್ಟು ಕೂಗಿದರೂ, ನನಗೆ ಮಾತ್ರ ಬರೀ ನೀರು ಕಾಣುತ್ತಿತ್ತು. ನಾನು ಪರದೆ ಬಿಟ್ಟು ಅಮ್ಮನ ಮುಖ ನೋಡುತ್ತಿದ್ದೆ. ನಸ್ಸಾಲಿ ಬಂದದ್ದು ನನಗೆ ಗೊತ್ತಾಗುತ್ತಿದ್ದದ್ದು ಅಲ್ಲಿ.

ಅಧ್ಯಕ್ಷರೇ, ಮತಕ್ಕೆ ಹಾಕಿ. ನನ್ನ ಕೈ ಏಳುವುದಿಲ್ಲ. ಇಷ್ಟು ಹೊತ್ತು ಮಾತಾಡಲು ಬಿಟ್ಟದ್ದಕ್ಕೆ, ಇನ್ನು ಸ್ವಲ್ಪ ಹೊತ್ತಿನಲ್ಲಿ ನನ್ನ ಮೇಲೆ ಸಿಟ್ಟಾಗಲಿರುವವರನ್ನೂ ಸೇರಿಸಿ, ಎಲ್ಲರಿಗೂ ಧನ್ಯವಾದ. ನಮಸ್ಕಾರ.