ಮನಶ್ಶಾಸ್ತ್ರದ ಮೇಷ್ಟ್ರ ಮಗಳು

೧೯೮೨ರ ಒಂದು ಬೆಳಿಗ್ಗೆ ಕೌಸಲ್ಯಾ ಆರ್.ಟಿ. ನಗರದ ಬಸ್ ನಿಲ್ದಾಣದಲ್ಲಿ ನಿಂತಿದ್ದಳು. ಪಕ್ಕದಲ್ಲಿ ಇಬ್ಬರು ಮೇಷ್ಟ್ರು. ಶಿಕ್ಷಕರಿಗೆ ತರಬೇತಿ ಕೊಡುವ ಕಾಲೇಜಿನವರೆಂದು ಮಾತಿನಿಂದಲೇ ತಿಳಿಯಿತು.

“ಯಾಕ್ರೀ ಜಯಸಿಂಹ, ರಾತ್ರಿ ನಿದ್ದಿ ಮಾಡಿಲ್ಲೇನು?” ಎಂದರು ಹಿರಿಯರು.

“ಮೊನ್ನೆ ಮಗಳಿಗೆ ಹೊಡೆದ್ಬಿಟ್ಟೆ, ಶಿವಶರಣಪ್ಪನೋರೆ. ಮಗ್ಗಿ ತಪ್ಪು ಹೇಳಿದ್ಲು ಅಂತ.”

“ಒಂದ್ ಏಟಿಗೆ ಏನಾಗ್ತೈತ್ರೀ? ನಾವೆಲ್ಲ ಹೊಡಿಸ್ಕೊಂಡ ಬೆಳದೇವಿ.”

“ಒಂದೇಟಲ್ಲ ಸಾರ್. ಅವಳು ಅಳು ನಿಲ್ಲಿಸೋವರೆಗೂ ಹೊಡೆದೆ.”

ಕೌಸಲ್ಯಾ ರಸ್ತೆಯ ಕಡೆ ಮುಖ ತಿರುಗಿಸಿದಳು. ಕಿವಿ ಮಾತ್ರ ಅಲ್ಲೇ ಉಳಿಯಿತು.

“ಇವತ್ತು ಟವೆಲ್ ತಗೊಳ್ಳೋಕೆ ಕೈ ಎತ್ತಿದೆ. ಮಗು ಮುಖ ಮುಚ್ಕೊಂಡ್ಲು.”

“ಸಮಾಧಾನ ಮಾಡ್ಬೇಕಿತ್ತಲ್ರೀ? ಮಕ್ಕಳ ಮನಶ್ಶಾಸ್ತ್ರ ಕಲಿಸಾವ್ರು ನೀವ!”

“ಕ್ಲಾಸಲ್ಲಿ ಹೇಳೋದನ್ನೆಲ್ಲ ಮಾಡ್ದೆ. ಅವಳ ಎದುರು ನೆಲದ ಮೇಲೆ ಕೂತೆ, ಮೆಲ್ಲಗೆ ಹೆಸರು ಹಿಡಿದು ಕರೆದೆ. ‘ಇನ್ಮೇಲೆ ತಪ್ಪು ಹೇಳಲ್ಲ ಅಪ್ಪ’ ಅಂದ್ಲು.”

ಅಷ್ಟರಲ್ಲಿ ಅವರ ಬಸ್ಸು ಬಂತು. ಶಿವಶರಣಪ್ಪ ಮೆಟ್ಟಿಲು ಹತ್ತುತ್ತ, ಮಾತು ಬದಲಿಸುವವರಂತೆ ಕೇಳಿದರು:

“ಇವತ್ತ ಯಾವ ಪಾಠ?”

“ಮಗುವಿನ ವಿಶ್ವಾಸ ಗಳಿಸೋದು ಹೇಗೆ” ಎಂದ ಜಯಸಿಂಹ, ಕೆಳಗೇ ನಿಂತು.

“ಹತ್ರೀ ಸಾರ್, ಹೊತ್ತಾಯ್ತು” ಎಂದು ಕಂಡಕ್ಟರ್ ಗದರಿದ. ಜಯಸಿಂಹ ಹತ್ತಿದ. ಬಸ್ಸು ಹೊರಟಿತು.